ದೇವಿದಾಸನ ಕಣ್ಣು

ಆಗಸ್ಟ್ ಬಂತೆಂದರೆ ಕಾರವಾರದಲ್ಲಿ ಎರಡು ಕಡೆ ಜನ ಆಸೆಯಿಂದ ಕಾಯುತ್ತಾರೆ. ಒಂದು, ಬಂದರಿನಲ್ಲಿ. ಮಳೆಗಾಲದ ರಜೆ ಮುಗಿಸಿ ಸಮುದ್ರಕ್ಕಿಳಿದ ಬೋಟುಗಳು ಈ ಸಲ ಏನು ತರುತ್ತವೋ ಎಂದು. ಇನ್ನೊಂದು, ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ಕೋರ್ಟಿನ ಸುತ್ತಲಿನ ಗಿಡ್ಡ ಗೋಡೆ, ಅಂದರೆ ನಮ್ಮ ಪಾಗಾರದ ಮೇಲೆ. ಪಿಯುಸಿ ಮುಗಿಸಿ ಫಸ್ಟ್ ಇಯರ್‌ಗೆ ಬಂದ ಹುಡುಗರಲ್ಲಿ ಈ ಸಲ ಯಾರು ಸಿಗುತ್ತಾರೋ ಎಂದು. ಬಂದರಿನವರಿಗೆ ಬಾಂಗಡೆ ಮೀನಲ್ಲದಿದ್ದರೆ ಸಣ್ಣ ತಾರ್ಲೆಯಾದರೂ ಸಿಗುತ್ತದೆ. ಪಾಗಾರದವರಿಗೆ ಆ ಭಾಗ್ಯವಿಲ್ಲ.

ಈ ಪಾಗಾರದ ಅತಿ ಹಿರಿಯ ಸದಸ್ಯ ಹಬ್ಬುವಾಡದ ದೇವಿದಾಸ. ಒಂದು ಸರಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಸಂಜೆ ಕಚೇರಿ ಬಿಟ್ಟವನು ಮನೆಗೆ ಹೋಗುವುದಿಲ್ಲ, ನೇರ ಕೋರ್ಟಿಗೆ ಬರುತ್ತಾನೆ. ಮಳೆಗಾಲದಲ್ಲಿ ಪಾಗಾರವಿಡೀ ಪಾಚಿ ಕಟ್ಟಿ ಹಸಿರಾಗಿದ್ದರೂ ಒಂದು ಜಾಗ ಮಾತ್ರ ಬೆಳ್ಳಗಿರುತ್ತದೆ. ಅದು ದೇವಿದಾಸ ಕೂರುವ ಜಾಗ. ಗೊತ್ತಿಲ್ಲದೆ ಅಲ್ಲಿ ಯಾರಾದರೂ ಕೂತರೆ ಅವನು ಬಯ್ಯುವುದಿಲ್ಲ. ಎದುರಿಗೆ ನಿಂತು, ಅವರು ಏಳುವ ತನಕ ತನ್ನ ಕಥೆ ಹೇಳುತ್ತಾನೆ. ಬೇಗ ಏಳುತ್ತಾರೆ.

ಆ ಕಥೆ ಇಷ್ಟೇ. ದೇವಿದಾಸ ಫಸ್ಟ್ ಇಯರ್‌ನಲ್ಲಿದ್ದಾಗ ಘಟ್ಟದ ಮೇಲಿನಿಂದ ಹುಬ್ಬಳ್ಳಿಯ ತಂಡವೊಂದು ಬಂದಿತ್ತು. ಆಟ ಮುಗಿಯುವ ಸೀಟಿ ಊದುವ ಗಳಿಗೆಗೆ ಸರಿಯಾಗಿ ಅವನು ದೂರದಿಂದ ಎಸೆದ ಬಾಲು ರಿಂಗಿನೊಳಗೆ ಬಿತ್ತು. ನಮ್ಮವರು ಗೆದ್ದರು. ಫಸ್ಟ್ ಇಯರ್‌ನಲ್ಲೇ ಹುಬ್ಬಳ್ಳಿಯವರನ್ನು ಮಣಿಸಿದವ ಕಾಲೇಜಿನ ಚರಿತ್ರೆಯಲ್ಲಿ ತಾನೊಬ್ಬನೇ ಎಂಬುದು ಅವನ ಆಸ್ತಿ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ‘ದೂರ’ ಎಂಬುದು ಬೆಳೆಯುತ್ತಾ ಬಂದಿದೆ. ಅವನ ಮದುವೆಯ ಹೊತ್ತಿಗೆ ರಿಂಗಿನ ಹತ್ತಿರದ ಫ್ರೀ ಥ್ರೋ ಗೆರೆಯಿಂದ ಸ್ವಲ್ಪ ಹಿಂದೆ ಇತ್ತು. ಪ್ರಮೋಶನ್ ಆದಾಗ ಕೋರ್ಟಿನ ನಟ್ಟನಡುವಿನ ಹಾಫ್ ಲೈನಿಗೆ ಬಂತು. ಮಗಳು ವಿಜೇತಾಳ ಮದುವೆಯಲ್ಲಿ ಬೀಗರಿಗೆ ಹೇಳುವಾಗ ಹಾಫ್ ಲೈನನ್ನೂ ದಾಟಿತ್ತು.

“ಇನ್ನು ರಿಟೈರಾಗುವಷ್ಟರಲ್ಲಿ ಬಾಲು ಬೈತಖೋಲ ಬಂದರಿನಿಂದ ಎಸೀತಾನೆ ನೋಡು,” ಎನ್ನುತ್ತಾನೆ ನಿತೇಶ. ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯ ಈ ನಿತೇಶ ಅದೇ ತಂಡದಲ್ಲಿ ಆಡಿದವನು, ಆ ದಿನ ದೇವಿದಾಸನಿಗೆ ಬಾಲು ಕೊಟ್ಟವನೂ ಅವನೇ. ಎಲ್ಲಿ ಕೊಟ್ಟೆನೆಂದು ಅವನಿಗೆ ಚೆನ್ನಾಗಿ ನೆನಪಿದೆ. ಅದಕ್ಕೇ ದೇವಿದಾಸ ಅವನ ಚಹಾದ ಖರ್ಚನ್ನು ತಾನೇ ನೋಡಿಕೊಳ್ಳುತ್ತಾನೆ.

ಪ್ರತಿ ವರ್ಷ ಹೊಸ ಹುಡುಗರ ಸೆಲೆಕ್ಷನ್ ದಿನ ಎಲ್ಲರಿಗಿಂತ ಮೊದಲು ಪಾಗಾರ ಹತ್ತುವವನು ದೇವಿದಾಸ. “ಈ ಸಲ ಒಬ್ಬನಾದ್ರೂ ಬರ್ತಾನೆ, ಬರೆದಿಟ್ಕೊಳ್ಳಿ. ಬರಬೇಕು. ಕಾಲೇಜಿಗೆ ಬೇಕು,” ಎಂದು ಗಂಭೀರವಾಗಿ ಹೇಳುತ್ತಾನೆ. ಹುಡುಗರು ಬರುತ್ತಾರೆ. ಒಬ್ಬ ಎತ್ತರವಿರುತ್ತಾನೆ, ಬಾಲು ಹಿಡಿಯಲು ಬರುವುದಿಲ್ಲ. ಒಬ್ಬ ಹಿಡಿಯುತ್ತಾನೆ, ಬಿಡಲು ಬರುವುದಿಲ್ಲ. ದೇವಿದಾಸ ತಲೆ ಅಲ್ಲಾಡಿಸಿ, “ನಮ್ಮ ಕಾಲ ಹೋಯ್ತು ಮಾರಾಯಾ,” ಎಂದು ನಿಟ್ಟುಸಿರು ಬಿಡುತ್ತಾನೆ. ಆ ನಿಟ್ಟುಸಿರು ಎಷ್ಟು ಆರಾಮದ್ದೆಂದರೆ, ಬಿಗಿ ಬೆಲ್ಟು ಸಡಿಲಿಸಿದವರು ಬಿಡುವಂಥದ್ದು.

ಅವನ ಹೆಂಡತಿ ಸುಗಂಧಾಬಾಯಿ ಒಮ್ಮೆಯೂ ಕೋರ್ಟಿನ ಕಡೆ ಹೋದವಳಲ್ಲ. ಆದರೆ ತಂಡ ಹೇಗಿದೆಯೆಂದು ಅವಳಿಗೆ ಊಟದ ಎಲೆಯಲ್ಲೇ ಗೊತ್ತಾಗುತ್ತದೆ. ಹೊಸ ಹುಡುಗರು ಕೆಲಸಕ್ಕೆ ಬಾರದವರಾದರೆ ಗಂಡ ಹುರಿದ ಬಾಂಗಡೆ ಇನ್ನೊಂದು ಹಾಕಿಸಿಕೊಳ್ಳುತ್ತಾನೆ. ಹಾಗೆ ನೋಡಿದರೆ ಕಳೆದ ಹಲವು ವರ್ಷಗಳಿಂದ ಆ ಮನೆಗೆ ಬಾಂಗಡೆ ಸಾಲುತ್ತಿರಲಿಲ್ಲ.

ಆದರೆ ಕಳೆದ ವರ್ಷ ಸೆಲೆಕ್ಷನ್ ದಿನ ದೇವಿದಾಸ ಬಾಂಗಡೆಯನ್ನು ಮುಟ್ಟಲಿಲ್ಲ.

“ಏನ್ರೀ, ಒಳ್ಳೆ ಹುಡುಗ ಬಂದ್ನಾ?” ಎಂದಳು ಸುಗಂಧಾಬಾಯಿ.

“ಯಾವ ಹುಡುಗ? ಹೊಟ್ಟೆ ಸರಿ ಇಲ್ಲ.”

“ಅದೇ. ಹೊಟ್ಟೇಲಿ ಏನೋ ಉರೀತಾ ಉಂಟು ಅಂತ ಕಾಣ್ತದೆ. ಯಾವ ಊರಿನವ?”

“ಕೇಣಿ,” ಎಂದ ದೇವಿದಾಸ, ಮುಳ್ಳು ಸಿಕ್ಕವರಂತೆ.

ಯೋಗೇಶ ಅಂಕೋಲಾದಾಚೆ ಕೇಣಿಯ ಹುಡುಗ. ಅಪ್ಪ ಬೀರಾ ಗದ್ದೆ ಕೆಲಸದವನು, ಅವ್ವ ಗಂಗಿ ಬಸಳೆ, ಹರಿವೆ, ಗೆಣಸು ಬೆಳೆದು ಅಂಕೋಲಾ ಪೇಟೆಯಲ್ಲಿ ಮಾರುವವಳು. ಹುಡುಗ ಭಾರೀ ಎತ್ತರದವನೇನಲ್ಲ. ಆದರೆ ನೆಗೆದರೆ ಇಳಿಯುವ ಅವಸರವೇ ಇಲ್ಲದವನಂತೆ ಮೇಲೇ ಇರುತ್ತಿದ್ದ. ಸೆಲೆಕ್ಷನ್ ಮುಗಿದು ಕೋಚ್ ರೋಷನ ಸರ್ ಹೆಸರು ಕೂಗುತ್ತಿದ್ದಾಗ, ಸುಮ್ಮನೆ ನಿಲ್ಲಲಾಗದೆ ಹಾಫ್ ಲೈನಿನಿಂದ ಒಂದು ಬಾಲು ಎಸೆದ. ಬಾಲು ರಿಂಗನ್ನು ತಾಗದೆ ಬಲೆಯೊಳಗಿಂದ ಇಳಿಯಿತು. ಹುಡುಗ ತಿರುಗಿ ಕೂಡ ನೋಡಲಿಲ್ಲ, ಬೂಟಿನ ಲಾಡಿ ಕಟ್ಟತೊಡಗಿದ.

ಪಾಗಾರದ ಮೇಲಿನ ತಲೆಗಳೆಲ್ಲ ದೇವಿದಾಸನತ್ತ ತಿರುಗಿದವು. ನಂತರ ನಿತೇಶ ಬಹಳ ಮೆಲ್ಲಗೆ ಕೇಳಿದ, “ದೇವಿದಾಸಾ, ನಿಂದೂ ಅಲ್ಲಿಂದಲೇ ಅಲ್ಲಾ?”

“ನಂದು ಇನ್ನೂ ಹಿಂದಿನಿಂದ,” ಎಂದ ದೇವಿದಾಸ. “ಮತ್ತೆ ಆವತ್ತು ಗಾಳಿ ಇತ್ತು.”

ಮರುದಿನದಿಂದ ದೇವಿದಾಸ ಹುಡುಗನ ತಪ್ಪು ಹುಡುಕಲು ಕೂತ. ಎಡಗೈ ಇಲ್ಲ ಎಂದ. ಹುಡುಗ ಎಡಗೈಯಲ್ಲೂ ಹಾಕಿದ. ಉಸಿರು ಸಾಲದು ಎಂದ. ಉಳಿದವರು ಸುಸ್ತಾಗಿ ಗಾಳಿಮರದ ಬುಡದಲ್ಲಿ ಕೂತರೂ ಹುಡುಗ ಓಡುತ್ತಿದ್ದ. ಸೊಕ್ಕು ಜಾಸ್ತಿ ಎಂದ. ಅಷ್ಟರಲ್ಲಿ ಹುಡುಗ ಪಾಗಾರದ ಹತ್ತಿರ ಬಂದು, “ನಮಸ್ಕಾರ ಅಂಕಲ್,” ಎಂದು ಕೈ ಮುಗಿದ. ಇದು ಎಲ್ಲಕ್ಕಿಂತ ಹೆಚ್ಚು ಉರಿಸಿತು. ಸೊಕ್ಕಿನವನನ್ನು ದ್ವೇಷಿಸಬಹುದು, ಅದಕ್ಕೊಂದು ಮರ್ಯಾದೆಯಿದೆ. ಕೈ ಮುಗಿಯುವವನನ್ನು ದ್ವೇಷಿಸಲು ಬಹಳ ಶ್ರಮ ಬೇಕು.

ಪಾಗಾರದವರಂತೂ ಹುಚ್ಚರಾದರು. ಹುಬ್ಬಳ್ಳಿಯವರು ಅಕ್ಟೋಬರಿನಲ್ಲಿ ಇಲ್ಲಿಗೇ ಬರುವವರಿದ್ದರು. ಇಷ್ಟು ವರ್ಷ ಸೋತದ್ದನ್ನೆಲ್ಲ ಈ ಒಬ್ಬ ಹುಡುಗ ಬಡ್ಡಿ ಸಮೇತ ತೀರಿಸುತ್ತಾನೆ ಎಂದು ಅವನಿನ್ನೂ ಒಂದೂ ಮ್ಯಾಚ್ ಆಡುವ ಮೊದಲೇ ತೀರ್ಮಾನವಾಯಿತು.

ಆಗ ದೇವಿದಾಸನಿಗೆ ಸಂಕೇತನ ನೆನಪಾಯಿತು. ಸಂಕೇತ ಅದಕ್ಕೂ ಎರಡು ವರ್ಷದ ಹಿಂದೆ ಬಂದ ಫಸ್ಟ್ ಇಯರ್ ಹುಡುಗ. ತಕ್ಕಮಟ್ಟಿಗೆ ಆಡುತ್ತಿದ್ದ. ನಮ್ಮ ಜನ ಅವನನ್ನು ಹೊಗಳಿ ಹೊಗಳಿ, ಗಣಪತಿ ಪೆಂಡಾಲಿನಲ್ಲಿ ಶಾಲು ಹೊದಿಸಿ, ಮೊದಲ ಮ್ಯಾಚಿನ ದಿನ ಬ್ಯಾಂಡು ತರಿಸಿದ್ದರು. ಕೋರ್ಟಿಗಿಳಿದ ಹುಡುಗ ಹಿಡಿಯಹೋದ ಮೊದಲ ಬಾಲೇ ಮೂಗಿಗೆ ಬಡಿಯಿತು. ಈಗ ಅವನು ಕೇರಂ ಆಡುತ್ತಾನೆ. ಬೈದು ಹಾಳಾದ ಆಟಗಾರ ನಮ್ಮ ಕಾಲೇಜಿನಲ್ಲಿ ಒಬ್ಬನೂ ಇಲ್ಲ, ಹೊಗಳಿ ಹಾಳು ಮಾಡಿದವರೇ ಎಲ್ಲ. ಈ ಸತ್ಯ ಹೊಳೆದ ದಿನ ದೇವಿದಾಸ ಅರ್ಧ ಬಾಂಗಡೆ ತಿಂದ.

ಮರುದಿನದಿಂದ ಅವನ ಬಾಯಲ್ಲಿ ಯೋಗೇಶನ ಹೆಸರು ಬಿಟ್ಟು ಬೇರೆ ಹೆಸರಿಲ್ಲ. ಮೀನು ಪೇಟೆಯಲ್ಲಿ, ಕಚೇರಿಯಲ್ಲಿ, ಅಂಕೋಲಾ ಬಸ್ಸಿನಲ್ಲಿ, ಎಲ್ಲಿ ಹೋದರೂ, “ಏನು ಹುಡುಗ! ಅಬಬಬಾ! ಹುಬ್ಬಳ್ಳಿಯವ್ರು ಬಂದ ದಾರೀಲೇ ವಾಪಸ್ ಹೋಗ್ಬೇಕು. ಸೋಲೋದಾ? ಅವನು ಕೋರ್ಟಲ್ಲಿರುವಾಗ? ಸಾಧ್ಯವೇ ಇಲ್ಲ!” ಚೌತಿಗೆ ಹಬ್ಬುವಾಡದ ತಿರುವಿನಲ್ಲಿ ಒಂದು ಫ್ಲೆಕ್ಸು ಎದ್ದಿತು. ಅಂಕೋಲಾ ಬಸ್ ಸ್ಟ್ಯಾಂಡ್ ಎದುರು ಇನ್ನೊಂದು. ‘ಕಡಲ ತಡಿಯ ಸಿಡಿಲು, ಹುಬ್ಬಳ್ಳಿ ಗೆಲ್ಲುವ ಹುಲಿ ಯೋಗೇಶ’ ಎಂದು ಬರೆಸಿ, ಹುಡುಗನ ಫೋಟೋ ಒಂದು ಮೂಲೆಯಲ್ಲಿ ಹಾಕಿಸಿದ್ದ. ಉಳಿದ ಜಾಗದಲ್ಲೆಲ್ಲ ಶುಭ ಕೋರುವ ದೇವಿದಾಸನೇ ಕೈ ಮುಗಿದು ನಿಂತಿದ್ದ.

“ಹುಲಿ ಯಾರು, ನೀನಾ?” ಎಂದು ನಿತೇಶ ಕೇಳಿದ.

“ಪ್ರೋತ್ಸಾಹ, ಪ್ರೋತ್ಸಾಹ. ನಿಮಗೆ ಅದೆಲ್ಲ ತಿಳಿಯೋದಿಲ್ಲ,” ಎಂದ ದೇವಿದಾಸ.

ಪ್ರೋತ್ಸಾಹ ಫಲ ಕೊಟ್ಟಿತು. ಹುಡುಗ ಬಸ್ಸಿಳಿದರೆ ಸೆಲ್ಫಿ, ಕ್ಯಾಂಟೀನಿಗೆ ಹೋದರೆ ಪುಕ್ಕಟೆ ಬನ್ಸು, ಬಾಲು ತಪ್ಪಿದರೆ ಪಾಗಾರದುದ್ದಕ್ಕೂ “ಅಯ್ಯೋ”. ಆಡುವ ಮೊದಲು ಒಮ್ಮೆ ಪಾಗಾರದತ್ತ ನೋಡುವ ಅಭ್ಯಾಸ ಅವನಿಗೆ ಹತ್ತಿತು. ಮ್ಯಾಚಿಗೆ ಹದಿನೈದು ದಿನ ಇರುವಾಗ ಹೀಗೆ ನೋಡುತ್ತಲೇ ನೆಗೆದವನು ವಾರೆಯಾಗಿ ಇಳಿದು ಕಾಲು ಉಳುಕಿಸಿಕೊಂಡ.

ಆ ದಿನ ದೇವಿದಾಸ ಮೂರು ಬಾಂಗಡೆ ತಿಂದ. ಬಡಿಸುತ್ತಿದ್ದ ಸುಗಂಧಾಬಾಯಿಯ ಕೈ ತಡೆಯಿತು.

“ಪಾಪ, ಆ ಹುಡುಗನಿಗೆ ಏನಾಯ್ತು?”

ದೇವಿದಾಸ ಮೀನಿನ ಬಾಲ ಚೀಪಿದ.

ಭಾನುವಾರ ಬೆಳಿಗ್ಗೆ ಹಬ್ಬುವಾಡದ ಅವನ ಮನೆಯ ಅಂಗಳಕ್ಕೆ ಗಂಗಿ ಬಂದಳು. ತಲೆಯ ಮೇಲೆ ಬುಟ್ಟಿ, ಹಿಂದೆ ಕುಂಟುತ್ತಾ ಯೋಗೇಶ. ಫ್ಯಾನ್ ರಿಪೇರಿ ನೆಪದಲ್ಲಿ ಚಹಾಕ್ಕೆ ಬಂದಿದ್ದ ನಿತೇಶ ಕುರ್ಚಿಯನ್ನು ಒಂದಿಷ್ಟು ಮುಂದೆ ಎಳೆದುಕೊಂಡ.

“ಒಡೇರೆ, ನಾ ಜಗಳಕ್ಕೆ ಬಂದವ್ಳಲ್ಲ,” ಎಂದು ಗಂಗಿ ಬುಟ್ಟಿ ಇಳಿಸಿದಳು. “ಅಂಕೋಲೆ ಬಸ್‌ಸ್ಟಾಂಡ್ ಎದ್ರಿಗೆ ನಿಮ್ ಪಟ ಕಂಡೆ. ನಮ್ ಹುಡ್ಗಂದೂ ಸಣ್ಣದೊಂದು ಇತ್ತು. ಎಂಥಾ ಹೊಗಳಿದ್ರಿ! ನಮ್ಮಲ್ಲಿ ಮಕ್ಕಳ್ನ ಹೊಗಳಿದ್ರೆ ಥೂ ಥೂ ಅಂತ ಉಗಿದು ಬಿಡ್ತ್ರು. ನೀವ್ ಉಗಿದ್ರಾ?”

“ಇಲ್ಲ,” ಎಂದ ದೇವಿದಾಸ.

“ಕಂಡ್ರಾ! ಮತ್ತೆ ಕಾಲು ಉಳುಕದೆ ಇನ್ನೆಂತಾಗ್ತದೆ? ಪ್ರೀತಿ ಕಣ್ಣೂ ತಾಗ್ತದೆ ಒಡೇರೆ. ಹೆತ್ತವ್ಳ ಕಣ್ಣೇ ತಾಗ್ತದೆ. ತಪ್ಪು ಅಂದ್ಕಂಬೇಡಿ. ಆದ್ರೆ ಯಾರ್ ಕಣ್ಣೋ ಅವ್ರ ಕೈಯಲ್ಲೇ ಇಳಿಸ್ಬೇಕು. ನಮ್ಮಲ್ಲಿ ಹಂಗೇಯಾ.”

ದೇವಿದಾಸ ಇಕ್ಕಟ್ಟಿಗೆ ಬಿದ್ದ. ದೃಷ್ಟಿ ತೆಗೆದರೆ ಕಣ್ಣು ತನ್ನದೆಂದು ಒಪ್ಪಿದಂತೆ. ತೆಗೆಯದಿದ್ದರೆ ಹುಡುಗನ ಕಾಲು ನೆಟ್ಟಗಾಗುವುದು ಬೇಡ ಎಂದಂತೆ. “ಇದೆಲ್ಲ ಮೂಢನಂಬಿಕೆ ಗಂಗೀ, ನಾನು ಸೈನ್ಸ್ ಓದಿದವ,” ಎಂದು ಶುರುಮಾಡಿದ.

“ಸೈನ್ಸಿನವರ ಕಣ್ಣು ತಾಗೋದಿಲ್ವಾ?” ಎಂದು ನಿತೇಶ ಮುಗ್ಧನಂತೆ ಕೇಳಿದ.

ಅಷ್ಟರಲ್ಲಿ ಸುಗಂಧಾಬಾಯಿ ಯಾರೂ ಹೇಳದೆಯೇ ಒಳಗಿನಿಂದ ಉಪ್ಪು, ಸಾಸಿವೆ, ಒಣಮೆಣಸು ತಂದು ಗಂಡನ ಮುಷ್ಟಿಯಲ್ಲಿ ತುಂಬಿದಳು. ಬಚ್ಚಲ ಒಲೆಯಿಂದ ಕರಟದ ಕೆಂಡವನ್ನೂ ಒಂದು ಹಂಚಿನಲ್ಲಿ ತಂದಿಟ್ಟಳು. ಮೂವತ್ತು ವರ್ಷದ ಸಂಸಾರದಲ್ಲಿ ಗಂಡನ ಕಣ್ಣು ಎಂಥದ್ದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಯೋಗೇಶನನ್ನು ಮೆಟ್ಟಿಲ ಮೇಲೆ ಕೂರಿಸಿದರು. ದೇವಿದಾಸ ಮುಷ್ಟಿಯನ್ನು ಅವನ ತಲೆಯಿಂದ ಕಾಲಿನವರೆಗೆ ನಿವಾಳಿಸಿ ಕೆಂಡಕ್ಕೆ ಹಾಕಿದ. ಉಪ್ಪು ಚಟಪಟ ಎಂದಿತು. ಈಗ ಎಲ್ಲರೂ ಮೂಗು ಅರಳಿಸಿ ಕಾದರು. ಮೆಣಸಿನ ಘಾಟು ಎದ್ದು ಕೆಮ್ಮು ಬಂದರೆ ಯಾರ ಕಣ್ಣೂ ಇರಲಿಲ್ಲವೆಂದು ಲೆಕ್ಕ. ಘಾಟೇ ಬಾರದಿದ್ದರೆ ದೊಡ್ಡ ಕಣ್ಣೇ ಇತ್ತೆಂದು.

ಹೊಗೆ ಎದ್ದಿತು. ಘಾಟಿಲ್ಲ.

ದೇವಿದಾಸ ಜೋರಾಗಿ ಕೆಮ್ಮಿದ.

“ನಿಮಗೊಬ್ರಿಗೇ ಬಂತಲ್ಲ ಒಡೇರೆ!” ಎಂದಳು ಗಂಗಿ.

“ಮೆಣಸು ಹಳೇದು, ಮಳೆಗಾಲದಲ್ಲಿ ತಂಡಿ ಹಿಡಿದದೆ,” ಎಂದ ದೇವಿದಾಸ, ಇನ್ನೊಮ್ಮೆ ಕೆಮ್ಮಿ.

“ನನ್ನ ಮೆಣಸಿಗೆ ಹೆಸರಿಡಬೇಡಿ,” ಎಂದಳು ಸುಗಂಧಾಬಾಯಿ. “ನಿನ್ನೆ ಇದೇ ಮೆಣಸಿನ ಸಾರು ಉಂಡು ಕಣ್ಣೀರು ಹಾಕಿದ್ದು ಯಾರು?” ಒಳಗೆ ಹೋಗಿ ಇನ್ನೊಂದು ಹಿಡಿ ತಂದು ತಾನೇ ಕೆಂಡಕ್ಕೆ ಸುರಿದಳು. ಮೆಣಸು ಕರ್ರಗಾಗಿ ಸುಟ್ಟಿತು. ದೇವರ ಮುಂದಿನ ಧೂಪಕ್ಕೂ ಅದಕ್ಕಿಂತ ಹೆಚ್ಚು ಘಾಟಿರುತ್ತದೆ.

ಗಂಗಿಗೆ ಭಾರೀ ಸಂತೋಷವಾಯಿತು. “ಅಬ್ಬಾ, ಎಂಥಾ ಕಣ್ಣು! ನಮ್ ಊರಲ್ಲೇ ಇಂಥದ್ದು ಕಂಡಿಲ್ಲ. ಹೋಯ್ತು, ಎಲ್ಲಾ ಹೋಯ್ತು,” ಎಂದು ಕೃತಜ್ಞತೆಯಿಂದ ಎರಡು ಕಟ್ಟು ಹರಿವೆ ತೆಗೆದು ಸುಗಂಧಾಬಾಯಿಗೆ ಕೊಟ್ಟಳು. ನಿತೇಶ ಮೋರೆ ತಿರುಗಿಸಿ ಫ್ಯಾನಿನ ರೆಕ್ಕೆ ಒರೆಸತೊಡಗಿದ. ಅವನ ಬೆನ್ನು ಅಲುಗುತ್ತಿತ್ತು.

ಹೊರಡುವಾಗ ಯೋಗೇಶ ಹಿಂದೆ ಉಳಿದು ಕೇಳಿದ, “ಅಂಕಲ್, ನೀವು ಹುಬ್ಬಳ್ಳಿ ಮೇಲೆ ಹಾಕಿದ್ದು ಹಾಫ್ ಲೈನಿಂದ ಅಲ್ಲಾ? ನಮ್ ಹೈಸ್ಕೂಲ್ ಸರ್ ನಿಮ್ ಕಥೆ ಹೇಳಿದ್ರು. ಅದ್ಕೇ ನಾನು ದಿನಾ ಅಲ್ಲಿಂದ ಹೊಡೆದು ಹೊಡೆದು ಕಲ್ತೆ. ಮ್ಯಾಚಲ್ಲಿ ಅಲ್ಲಿಂದ ಹಾಕ್ಲಾ?”

ದೇವಿದಾಸನ ಗಂಟಲಲ್ಲಿ ಈಗ ನಿಜವಾದ ಕೆಮ್ಮು ಬಂತು. ಇಷ್ಟು ವರ್ಷದಲ್ಲಿ ಅವನ ಮಾತನ್ನು ಪೂರ್ತಿ ನಂಬಿದವನು ಇವನೊಬ್ಬನೇ. ನಂಬಿದ್ದಷ್ಟೇ ಅಲ್ಲ, ತಾನು ಬಾಯಲ್ಲಿ ಎಸೆದ ಬಾಲನ್ನು ಇವನು ಕೈಯಲ್ಲಿ ಎಸೆದಿದ್ದ. ಇದಕ್ಕಿಂತ ದೊಡ್ಡ ಅನ್ಯಾಯ ಉಂಟೇ?

“ನೋಡುವಾ,” ಎಂದ. “ಆ ಹೊತ್ತಿಗೆ ನಾನು ಹೇಳ್ತೇನೆ.”

ಡಾಕ್ಟರ ಪಟ್ಟಿಯಿಂದಲೋ ಸುಗಂಧಾಬಾಯಿಯ ಮೆಣಸಿನಿಂದಲೋ, ಮ್ಯಾಚಿನ ಹೊತ್ತಿಗೆ ಹುಡುಗನ ಕಾಲು ಸರಿಯಾಯಿತು. ಹುಬ್ಬಳ್ಳಿಯವರು ಬಂದರು. ಪಾಗಾರದ ಮೇಲೆ ಕಾಲಿಡಲು ಜಾಗವಿರಲಿಲ್ಲ. ಶುರುವಿನಲ್ಲಿ ಯೋಗೇಶ ಎಸೆದದ್ದೆಲ್ಲ ತಪ್ಪಿತು. ತಪ್ಪಿದಾಗಲೆಲ್ಲ ಜನ “ಅಯ್ಯೋ” ಎಂದರು, ದೇವಿದಾಸನೂ “ಅಯ್ಯೋ” ಎಂದ. ಆದರೆ ಅವನ ಅಯ್ಯೋಗೆ ಹಬ್ಬದ ಕಳೆಯಿತ್ತು. ವಿರಾಮದ ನಂತರ ಹುಡುಗ ಪಾಗಾರದತ್ತ ನೋಡುವುದನ್ನು ಬಿಟ್ಟ. ಆಮೇಲೆ ಒಂದೂ ತಪ್ಪಲಿಲ್ಲ. ಹಿಂದಿದ್ದ ನಮ್ಮವರು ಒಂದೊಂದಾಗಿ ಹತ್ತಿರ ಬಂದರು, ಕೊನೆಗೆ ಸಮ ಮಾಡಿದರು. ದೇವಿದಾಸನ ಮುಖ ಬಾಡುತ್ತಾ ಹೋಯಿತು.

ಇನ್ನೇನು ಸೀಟಿ ಊದಬೇಕು. ಬಾಲು ಯೋಗೇಶನ ಕೈಗೆ ಬಂತು, ಅದೂ ಹಾಫ್ ಲೈನಿನ ಮೇಲೆ. “ಹಾಕೋ! ಹಾಕೋ!” ಎಂದು ಕಾರವಾರಕ್ಕೆ ಕಾರವಾರವೇ ಕೂಗಿತು. ಹುಡುಗ ಎರಡೂ ಕೈಯಲ್ಲಿ ಬಾಲು ಎತ್ತಿ, ಒಂದು ಗಳಿಗೆ ದೇವಿದಾಸನತ್ತ ನೋಡಿದ.

ಅದೇ ಹುಬ್ಬಳ್ಳಿ, ಅದೇ ಫಸ್ಟ್ ಇಯರ್, ಅದೇ ಕೊನೆಯ ಗಳಿಗೆ. ಬಾಲು ಒಳಗೆ ಬಿದ್ದರೆ ನಾಳೆಯಿಂದ ಪಾಗಾರದ ಮೇಲೆ ಹೇಳಲು ದೇವಿದಾಸನಿಗೆ ಏನೂ ಉಳಿಯುವುದಿಲ್ಲ. ಅವನು ಧಡಕ್ಕನೆ ಪಾಗಾರದ ಮೇಲೆ ಎದ್ದು ನಿಂತ. ಹೊಟ್ಟೆಯ ತಳದಿಂದ ಕೂಗು ಬಂತು.

“ಬೇಡಾ! ಹಾಕಬೇಡಾ!”

ಹುಡುಗ ಕೈ ತಡೆದ. ಅವನು ಎಸೆಯುತ್ತಾನೆಂದು ಹುಬ್ಬಳ್ಳಿಯ ಇಬ್ಬರು ಅದಾಗಲೇ ಅವನ ಮೇಲೆ ಹಾರಿದ್ದರು. ರಿಂಗಿನ ಕೆಳಗೆ ನಮ್ಮ ತಂಡದ ಮಂಜು ಒಬ್ಬನೇ ಬಸ್ಸಿಗೆ ಕಾಯುವವನಂತೆ ನಿಂತಿದ್ದ. ಯೋಗೇಶ ಬಾಲನ್ನು ಅವನಿಗೆ ಎಸೆದ. ಮಂಜು ಮೆಲ್ಲಗೆ ಎತ್ತಿ ಒಳಗೆ ಹಾಕಿದ. ಸೀಟಿ ಮೊಳಗಿತು.

ಜನ ಯೋಗೇಶನನ್ನು ಹೆಗಲ ಮೇಲೆ ಎತ್ತಿಕೊಂಡರು. ರೋಷನ ಸರ್ ಮಾತ್ರ ಓಡಿ ಬಂದದ್ದು ಪಾಗಾರದ ಕಡೆಗೆ. “ಸರ್, ಅನುಭವ ಅಂದ್ರೆ ಇದು! ಎಲ್ಲರೂ ಹಾಕು ಅಂತಿದ್ರು, ನೀವೊಬ್ರೇ ಬೇಡ ಅಂದ್ರಿ. ಅವನು ಅಲ್ಲಿಂದ ಎಸೆದಿದ್ರೆ ಇಬ್ಬರೂ ಸೇರಿ ತಡೀತಿದ್ರು. ಮ್ಯಾಚ್ ಗೆಲ್ಲಿಸಿದವ್ರು ನೀವು!”

ದೇವಿದಾಸ ಗಂಭೀರವಾಗಿ ತಲೆದೂಗಲು ಅಣಿಯಾಗಿದ್ದ. ಅಷ್ಟರಲ್ಲಿ ನಿತೇಶ ಎಲ್ಲರಿಗೂ ಕೇಳುವಂತೆ ಹೇಳಿದ, “ಅನುಭವ ಅಲ್ಲ ಸರ್. ಹೊಟ್ಟೆಕಿಚ್ಚು. ಎರಡು ಹಿಡಿ ಮೆಣಸು ಸುಟ್ರೂ ಘಾಟು ಬರಲಿಲ್ಲ, ಅಂಥಾ ಕಣ್ಣು ಇವನದ್ದು, ನಾನು ಸಾಕ್ಷಿ.”

ಪಾಗಾರವಿಡೀ ನಕ್ಕಿತು. ದೇವಿದಾಸ ಕೆಂಪಾದ, ಬಿಳಿಚಿದ, ಒಂದು ಗಳಿಗೆ ಕಣ್ಣು ಮುಚ್ಚಿದ. ಅನುಭವಿ ಎಂಬ ಹೆಸರು ಕೈಗೆ ಬಂದು ಜಾರುತ್ತಿತ್ತು. ಆದರೆ ಹತ್ತಿರ ಹತ್ತಿರ ನಲವತ್ತು ವರ್ಷ ಒಂದೇ ಬಾಲಿನ ಮೇಲೆ ಬದುಕಿದವನು ಅಷ್ಟು ಸುಲಭಕ್ಕೆ ಸೋಲುತ್ತಾನೆಯೇ?

“ಹೌದು!” ಎಂದ, ಎದೆ ಉಬ್ಬಿಸಿ. “ಹೊಟ್ಟೆಕಿಚ್ಚೇ! ಏನೀಗ? ನನ್ನ ಹೊಟ್ಟೆಕಿಚ್ಚಿಲ್ದಿದ್ರೆ ಇವತ್ತು ಸೋತು ಮನೆಗೆ ಹೋಗ್ತಿದ್ರಿ. ನೀವೆಲ್ಲ ಪ್ರೀತಿ ಮಾಡಿದ್ರಲ್ಲ ಸಂಕೇತನ್ನ, ಏನು ಉದ್ಧಾರ ಆಯ್ತು? ಮತ್ತೆ ಒಂದು ಕೇಳ್ಕೊಳ್ಳಿ, ನನ್ನ ಕಣ್ಣು ಕಂಡಕಂಡವ್ರಿಗೆ ತಾಗೋದಿಲ್ಲ. ಆಟ ಇದ್ದವ್ರಿಗೆ ಮಾತ್ರ ತಾಗ್ತದೆ!”

ಈ ಮಾತು ಊರಿಗೆ ನಾಟಿತು. ಸುದ್ದಿಯನ್ನು ಗಂಗಿ ಅಂಕೋಲಾ ಪೇಟೆಯಲ್ಲಿ ಹರಿವೆಯ ಜೊತೆ ಹಂಚಿದಳು, ಸುಗಂಧಾಬಾಯಿ ಹಬ್ಬುವಾಡದಲ್ಲಿ ಹಂಚಿದಳು. ಯೋಗೇಶ ಈಗ ಸೆಕೆಂಡ್ ಇಯರ್, ತಂಡದ ಕ್ಯಾಪ್ಟನ್. ಅವನ ಆಟ ನೋಡುವಾಗ ದೇವಿದಾಸ ಹಲ್ಲು ಕಡಿಯುವುದನ್ನು ಯಾರಿಂದಲೂ ಮುಚ್ಚಿಡುವುದಿಲ್ಲ. ಬದಲಿಗೆ ಪಕ್ಕದವರಿಗೆ ಕೇಳುವಂತೆ ಕಡಿಯುತ್ತಾನೆ.

ಈ ಆಗಸ್ಟಿನ ಸೆಲೆಕ್ಷನ್ನಿಗೆ ಪಾಗಾರದವರು ಕೋರ್ಟಿಗೆ ಅರ್ಧ ಬೆನ್ನು ಹಾಕಿ ದೇವಿದಾಸನ ಮುಖ ನೋಡುತ್ತಾ ಕೂತಿದ್ದರು. ಒಬ್ಬೊಬ್ಬ ಹೊಸ ಹುಡುಗ ಬಂದು ಹೋದಾಗಲೂ ಅವನ ಹುಬ್ಬು, ದವಡೆ ಪರೀಕ್ಷಿಸಿ, “ಇಲ್ಲ, ಇವನಲ್ಲ,” ಎನ್ನುತ್ತಿದ್ದರು. ಕೊನೆಗೆ ಸದಾಶಿವಗಡದ ಕಡೆಯ ಒಬ್ಬ ತೆಂಗಿನಮರದಂಥ ಹುಡುಗ ಬಂದ. ಓಡಿದ, ಹಾರಿದ, ರಿಂಗಿಗೆ ಜೋತು ಬಿದ್ದ. ದೇವಿದಾಸ ಪ್ರಸನ್ನನಾಗಿ ಮುಗುಳ್ನಕ್ಕು, “ಒಳ್ಳೇ ಹುಡುಗ. ದೇವರು ಚಲೋ ಮಾಡ್ಲಿ,” ಎಂದ.

ಪಾಗಾರದಲ್ಲಿ ನಿರಾಸೆ ಹರಡಿತು. ಕೆಳಗೆ ಮಗನ ಚೀಲ ಹಿಡಿದು ನಿಂತಿದ್ದ ಹುಡುಗನ ಅಪ್ಪನ ಮುಖ ಸಣ್ಣಗಾಯಿತು. ಅವರು ಹತ್ತಿರ ಬಂದು, ಕೈ ಮುಗಿದು, ದನಿ ತಗ್ಗಿಸಿ ಕೇಳಿದರು:

“ಸರ್, ಸ್ವಲ್ಪನೂ ಹೊಟ್ಟೆ ಉರೀಲಿಲ್ವಾ?”

ದೇವಿದಾಸ ಕಣ್ಣು ಕಿರಿದು ಮಾಡಿ ಹುಡುಗನನ್ನು ಇನ್ನೊಮ್ಮೆ ದಿಟ್ಟಿಸಿದ. ಎದೆಯ ಮೇಲೆ ಕೈಯಿಟ್ಟು ಒಳಗೆ ಏನಾದರೂ ಆಗುತ್ತಿದೆಯೋ ಎಂದು ಪ್ರಾಮಾಣಿಕವಾಗಿ ಹುಡುಕಿದ. ಆಮೇಲೆ ಡಾಕ್ಟರರು ಹೇಳುವ ಹಾಗೆ ಮೆಲ್ಲಗೆ ಹೇಳಿದ:

“ಸದ್ಯಕ್ಕೆ ಇಲ್ಲ. ಹುಡುಗನಿಗೆ ಪ್ರ್ಯಾಕ್ಟೀಸ್ ಬಿಡಬೇಡ ಅನ್ನಿ. ದೀಪಾವಳಿ ಕಳೆದ ಮೇಲೆ ಇನ್ನೊಮ್ಮೆ ನೋಡುವಾ.”